ಉತಾರದ (ಪಹಣಿಯ) ಹನ್ನೊಂದನೇ ಕಾಲಂ: ವಿಚ್ಛೇದನದ ಕೇಸು ನಡೆಯುವಾಗ ಆಸ್ತಿ ಕಾಯುವುದು ಹೇಗೆ?

'ಡಿವೋರ್ಸ್ ಆದರೆ ಹೆಂಡತಿಗೆ ಅರ್ಧ ಆಸ್ತಿ.' ಈ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬರುತ್ತದೆ: ಗಂಡನ ಸಂಪತ್ತಿನಲ್ಲಿ ಹೆಂಡತಿಗೆ ಸಮಪಾಲು ಇಲ್ಲ ಎಂದ ಸುಪ್ರೀಂ ಕೋರ್ಟ್. ಮೂರನೆಯದು ಜಿಲ್ಲಾ ಪುಟದ ಮೂಲೆಯಲ್ಲಿರುತ್ತದೆ: ವಿಚ್ಛೇದನದ ಕೇಸಿನಲ್ಲಿ ಜಮೀನು ಮಾರದಂತೆ ತಡೆಯಾಜ್ಞೆ. ಮೂರನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಪಾಲೇ ಇಲ್ಲ ಅಂದಮೇಲೆ ಮಾರಾಟಕ್ಕೆ ತಡೆ ಯಾಕೆ? ತಡೆ ಸಿಕ್ಕರೆ ಪಾಲು ಸಿಕ್ಕ ಹಾಗೇ ಅಲ್ವಾ?

ಹಾಗಲ್ಲ. ತಡೆಯಾಜ್ಞೆ ಅಂದರೆ ಹೊಲಕ್ಕೆ ಹಾಕಿದ ಬೇಲಿ. ಹೊಲ ಯಾರದು ಅನ್ನುವುದನ್ನು ಬೇಲಿ ಹೇಳುವುದಿಲ್ಲ. ತೀರ್ಪು ಬರುವವರೆಗೆ ಹೊಲ ಅಲ್ಲೇ ಇರುವಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಬೆಳಗಾವಿ ಕಡೆಯ ಹಿರಿಯರು ಇದನ್ನು ಮನಾಯಿ ಹುಕುಂ ಅನ್ನುತ್ತಿದ್ದರು. ಈ ಹುಕುಂ ಯಾವ ಹಕ್ಕಿನ ಆಧಾರದ ಮೇಲೆ ಸಿಗುತ್ತದೆ, ಎಲ್ಲಿ ಸಿಗುತ್ತದೆ, ಸಿಕ್ಕಮೇಲೂ ಆಸ್ತಿ ಹೇಗೆ ಕೈತಪ್ಪುತ್ತದೆ ಅನ್ನುವುದನ್ನು ಗೊತ್ತುಮಾಡಿಕೊಂಡರೆ ಆ ಮೂರೂ ಸುದ್ದಿಗಳು ಒಂದಕ್ಕೊಂದು ಹೊಂದುತ್ತವೆ.

ಅರ್ಧ ಆಸ್ತಿಯ ಮಾತು ಬಂದದ್ದೆಲ್ಲಿಂದ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿಯ ಕುಟುಂಬ ಕಾನೂನಿನ ಬೇರು 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನಲ್ಲಿದೆ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದೇ ಆಗುತ್ತದೆ, ಇಬ್ಬರಿಗೂ ಅರ್ಧರ್ಧ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮನೆ, ಜಮೀನು ಮಾರುವಂತಿಲ್ಲ. ಖಾನಾಪುರ, ಬೆಳಗಾವಿಯ ಎಷ್ಟೋ ಮನೆಗಳಿಗೆ ಗೋವಾದಲ್ಲಿ ಬೀಗರಿದ್ದಾರೆ. ಅಲ್ಲಿಯ ಕಥೆ ಇಲ್ಲಿಗೆ ಬರುತ್ತದೆ. ಕಾನೂನು ಮಾತ್ರ ಘಾಟ್ ಹತ್ತಿ ಬರುವುದಿಲ್ಲ.

ಹೊರದೇಶದ ಸುದ್ದಿಗಳದ್ದೂ ಇದೇ ಕಥೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಚ್ಛೇದನದ ಸಮನ್ಸ್ ಕಾಗದದ ಮೇಲೆಯೇ ತಡೆಯಾಜ್ಞೆ ಅಚ್ಚಾಗಿರುತ್ತದೆ. ಅರ್ಜಿ ಹಾಕಿದವರೂ ಎದುರಿನವರೂ ಇಬ್ಬರೂ ಆಸ್ತಿ ಮಾರುವಂತಿಲ್ಲ, ಬಚ್ಚಿಡುವಂತಿಲ್ಲ. ನಮ್ಮಲ್ಲಿ ತಾನಾಗಿ ಬರುವ ಅಂಥ ತಡೆ ಇಲ್ಲ. ಕೇಳಬೇಕು, ಕಾರಣ ಹೇಳಬೇಕು, ಆಗ ಸಿಗುತ್ತದೆ.

1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಲಿಂಗಾಯತರಿಗೂ ಅನ್ವಯಿಸುತ್ತದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳು ಕಾಯ್ದೆಯಲ್ಲೇ ಇವೆ. ಆದರೆ 'ದಾಂಪತ್ಯದ ಆಸ್ತಿ' ಎಂಬ ವಿಷಯವೇ ಅದರಲ್ಲಿಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಹೊಲ ಹೆಂಡತಿಯದಾಗುವುದಿಲ್ಲ, ಹೆಂಡತಿಯ ಪ್ಲಾಟು ಗಂಡನದಾಗುವುದಿಲ್ಲ. 27ನೇ ಕಲಂ ಒಂದಿದೆ. ಅದು ಮದುವೆಯ ಸಂದರ್ಭದಲ್ಲಿ ಬಂದು ಇಬ್ಬರಿಗೂ ಸೇರಿರುವ ವಸ್ತುಗಳಿಗೆ ಸೀಮಿತ.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಹೊಸ ಮಾತು ಹೇಳಿತು. ಗಂಡ ದುಡಿದು ಕೊಂಡ ಆಸ್ತಿಯಲ್ಲಿ, ಮನೆ ಮಕ್ಕಳನ್ನು ನೋಡಿಕೊಂಡ ಹೆಂಡತಿಯ ಶ್ರಮವೂ ಸೇರಿದೆ, ಆಕೆಗೂ ಸಮಪಾಲು ಎಂದಿತು. ಮನೆಗೆಲಸಕ್ಕೆ ಬೆಲೆ ಕಟ್ಟಿದ ಆ ತೀರ್ಪು ಓದಿ ಎಷ್ಟೋ ಹೆಣ್ಣುಮಕ್ಕಳಿಗೆ ಧೈರ್ಯ ಬಂತು. ಆದರೆ ಕರ್ನಾಟಕದ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದೇ ತಿಂಗಳಲ್ಲಿ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ ಹೆಂಡತಿಗೆ 5 ಕೋಟಿ, ಮಗನಿಗೆ 1 ಕೋಟಿ ಕೊಡಿಸಿತು. ಇನ್ನೊಂದರಲ್ಲಿ 12 ಕೋಟಿ ಕೊಡಿಸಿತು, ಆದರೆ ಪೋಟಗಿ (ಜೀವನಾಂಶ) ಇರುವುದು ಇಬ್ಬರ ಸಂಪತ್ತನ್ನು ಸರಿಸಮ ಮಾಡುವುದಕ್ಕಲ್ಲ ಎಂದೂ ಹೇಳಿತು. ಕೋಟಿಯ ಅಂಕಿ ನೋಡಿದವರು 'ಅರ್ಧ ಆಸ್ತಿ' ಅಂದರು. ಕೊನೆಯ ಸಾಲು ಓದಿದವರು 'ಏನೂ ಇಲ್ಲ' ಅಂದರು. ಎರಡೂ ತಪ್ಪು.

ಹಾಗಾದರೆ ಕೋರ್ಟು ಕಾಯುವುದು ಏನನ್ನು?

ಉದಾಹರಣೆಗೆ ಅಥಣಿ ಕಡೆಯ ಒಂದು ಮನೆ ಇಟ್ಟುಕೊಳ್ಳೋಣ. ಗಂಡನ ಹೆಸರಿನಲ್ಲಿ ಹಿರಿಯರಿಂದ ಬಂದ 4 ಎಕರೆ ಕಬ್ಬಿನ ಹೊಲ. ಬ್ಯಾಂಕ್ ಸಾಲದ ಮೇಲೆ ಕಟ್ಟಿಸಿದ ಮನೆ. ಪಟ್ಟಣದಲ್ಲಿ ಒಂದು ಪ್ಲಾಟು. ಲಾಕರಿನಲ್ಲಿ ಹೆಂಡತಿಯ 12 ತೊಲ ಬಂಗಾರ. ಇಬ್ಬರು ಚಿಕ್ಕ ಮಕ್ಕಳು. ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿದೆ.

ಇಲ್ಲಿ ಹೆಂಡತಿಗೆ ಅರ್ಧ ಹೊಲದ ಹಕ್ಕು ಇಲ್ಲ. ಆದರೆ ಬೇರೆ ಹಕ್ಕುಗಳಿವೆ, ಮತ್ತು ಅವು ಗಟ್ಟಿ ಹಕ್ಕುಗಳು. ಬಂಗಾರ ಆಕೆಯ ಸ್ತ್ರೀಧನ. ಗಂಡನ ಮನೆಗೆ ತಂದಿಟ್ಟ ಮಾತ್ರಕ್ಕೆ ಅದು ಇಬ್ಬರ ಆಸ್ತಿ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು: ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಅವನದು. ಆ ಕೇಸಿನಲ್ಲಿ 25 ಲಕ್ಷ ರೂಪಾಯಿ ಕೊಡಿಸಿತು.

ಎರಡನೆಯದು ಪೋಟಗಿ. ಕೇಸು ನಡೆಯುವಾಗ ತಿಂಗಳ ಖರ್ಚಿಗೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ, ಕೇಸು ಮುಗಿಯುವಾಗ ಶಾಶ್ವತ ಜೀವನಾಂಶಕ್ಕೆ 25ನೇ ಕಲಂ. ಈ 25ನೇ ಕಲಂನಲ್ಲಿ ಜನ ಗಮನಿಸದ ಒಂದು ಮಾತಿದೆ. ಕೊಡಬೇಕಾದ ಹಣಕ್ಕೆ ಭದ್ರತೆಯಾಗಿ ಎದುರಿನವರ ಸ್ಥಿರಾಸ್ತಿಯ ಮೇಲೆ ಕೋರ್ಟು ಹೊಣೆ ಕೂರಿಸಬಹುದು. ಹೊಲದ ಪಾಲು ಸಿಗದಿದ್ದರೂ ಹೊಲವೇ ಪೋಟಗಿಗೆ ಜಾಮೀನು ಆಗಬಹುದು. ಸಮಪಾಲು ಇಲ್ಲದಿದ್ದರೂ ತಡೆಯಾಜ್ಞೆ ಯಾಕೆ ಎಂಬ ಪ್ರಶ್ನೆಗೆ ಮುಖ್ಯ ಉತ್ತರ ಇದೇ. ಜಾಮೀನಿಗೆ ನಿಲ್ಲಬೇಕಾದ ಹೊಲ ಕೇಸು ಮುಗಿಯುವುದರೊಳಗೆ ಮಾರಾಟವಾದರೆ, ತೀರ್ಪು ಬರೀ ಕಾಗದವಾಗಿ ಉಳಿಯುತ್ತದೆ.

ಮೂರನೆಯದು ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು. ಇದನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿದೆ. ಮನೆ ಮಾವನ ಹೆಸರಿನಲ್ಲಿದ್ದರೂ ಅದು ಸಂಸಾರದ ಮನೆ ಆಗಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದಕ್ಕೂ ಮೊದಲು 2006ರ ತೀರ್ಪು ಹಿಡಿದು 'ಅತ್ತೆ ಮಾವನ ಮನೆ, ಹೊರಗೆ ನಡಿ' ಅನ್ನುವುದು ಸುಲಭವಿತ್ತು.

ನಾಲ್ಕನೆಯದು ಮಕ್ಕಳ ಪಾಲು. ಇದನ್ನು ಮುಂದೆ ವಿವರವಾಗಿ ನೋಡೋಣ. ಹಿರಿಯರ ಹೊಲ ಇರುವ ಮನೆಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ.

ಆಸ್ತಿ ಜಾರುವುದು ಸದ್ದಿಲ್ಲದೆ

ಜಗಳ ಶುರುವಾಗಿ ನೋಟಿಸು ಬರುವ ಹೊತ್ತಿಗೆ ಅರ್ಧ ಕೆಲಸ ಆಗಿಹೋಗಿರುತ್ತದೆ. ಪ್ಲಾಟು ತಮ್ಮನ ಹೆಸರಿಗೆ ದಾನಪತ್ರ. ಹೊಲದಲ್ಲಿದ್ದ ಪಾಲು ಅಪ್ಪನ ಹೆಸರಿಗೆ ಹಕ್ಕು ಬಿಡುಗಡೆ. ಕುಟುಂಬದ ಒಳಗಿನ ಇಂಥ ಪತ್ರಗಳಿಗೆ ಮುದ್ರಾಂಕ ಶುಲ್ಕ ಮಾರಾಟಕ್ಕಿಂತ ತೀರಾ ಕಡಿಮೆ. ಅಣ್ಣತಮ್ಮಂದಿರು ಸುಲಭವಾಗಿ ಹಂಚಿಕೊಳ್ಳಲಿ ಅಂತ ಇರುವ ಸೌಲಭ್ಯ ಇಲ್ಲಿ ಬೇರೆ ಕೆಲಸಕ್ಕೆ ಬೀಳುತ್ತದೆ.

ಇನ್ನೊಂದು ದಾರಿ ವಾಟ್ನಿ ದಾವೆಯದ್ದು, ಅಂದರೆ ಪಾಲು ಹಂಚಿಕೆಯ ದಾವೆ. ಅಣ್ಣ ತಮ್ಮನ ಮೇಲೆ ದಾವೆ ಹಾಕುತ್ತಾನೆ. ಇಬ್ಬರೂ ರಾಜಿ ಮಾಡಿಕೊಂಡು ಬರುತ್ತಾರೆ. ಒಳ್ಳೆಯ ಹೊಲ ಅಣ್ಣನಿಗೆ, ಕಲ್ಲುಭೂಮಿ ತಮ್ಮನಿಗೆ. ಕೋರ್ಟಿನ ಡಿಕ್ರಿ ಕೈಗೆ ಬರುತ್ತದೆ. ತಮ್ಮನ ಹೆಂಡತಿ ಅದನ್ನು ಆಮೇಲೆ ಪ್ರಶ್ನಿಸಬೇಕು ಅಂದರೆ ಮೋಸ ಆಗಿದೆ ಅಂತ ಆಕೆಯೇ ಸಾಬೀತು ಮಾಡಬೇಕು. ಕೈಗಡದ ಪ್ರಾಮಿಸರಿ ನೋಟು ಮೂರನೇ ದಾರಿ. 'ನನ್ನ ಮೇಲೆ ಇಷ್ಟು ಸಾಲ ಇದೆ' ಎಂದು ಹಳೆಯ ತಾರೀಖಿನ ಕಾಗದ ಹುಟ್ಟುತ್ತದೆ.

ಮುನ್ಸೂಚನೆಗಳೂ ಇರುತ್ತವೆ. ನಮ್ಮ ರಾಜ್ಯದಲ್ಲಿ ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಮಾರಬೇಕಾದರೆ 11ಇ ನಕ್ಷೆ ಬೇಕು. ಅದಕ್ಕೆ ಸರ್ವೆಯವರು ಹೊಲಕ್ಕೆ ಬಂದು ಅಳೆಯಬೇಕು. ಕಟಾವಾದ ಕಬ್ಬಿನ ಹೊಲದಲ್ಲಿ ಒಂದು ಬೆಳಿಗ್ಗೆ ಅಳತೆಯವರು ನಿಂತಿದ್ದರೆ, ಪಕ್ಕದ ಹೊಲದವರಿಂದ ಹೆಂಡತಿಯ ತವರಿಗೆ ಫೋನು ಹೋಗುತ್ತದೆ. ಆ ಫೋನು ಬಂದ ದಿನವೇ ವಕೀಲರ ಬಳಿ ಹೋದವರಿಗೂ ತಿಂಗಳು ಬಿಟ್ಟು ಹೋದವರಿಗೂ ತುಂಬಾ ವ್ಯತ್ಯಾಸ.

ಯಾವ ಬಾಗಿಲು ತಟ್ಟಬೇಕು

ಮೊದಲನೆಯದು ತಾಲೂಕಿನಲ್ಲೇ ಇದೆ. 2005ರ ಕಾಯ್ದೆಯಡಿ ಅರ್ಜಿ ಹಾಕಲು ಅಥಣಿಯವರು ಬೆಳಗಾವಿಗೆ ಹೋಗಬೇಕಿಲ್ಲ, ಜಮಖಂಡಿಯವರು ಬಾಗಲಕೋಟೆಗೆ ಹೋಗಬೇಕಿಲ್ಲ. ಅಲ್ಲಿಯ ಮ್ಯಾಜಿಸ್ಟ್ರೇಟ್ ಕೋರ್ಟು ಸಾಕು. ಈ ಕಾಯ್ದೆ ಹೊಡೆತ ಬಡಿತಕ್ಕೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಆದರೆ 3ನೇ ಕಲಂನಲ್ಲಿ ಆರ್ಥಿಕ ದೌರ್ಜನ್ಯವೂ ಇದೆ. ಆಕೆಗೆ ಹಕ್ಕಿರುವ ಅಥವಾ ಬಳಸುವ ಅಧಿಕಾರವಿರುವ ಆಸ್ತಿಯನ್ನು, ಸ್ತ್ರೀಧನವನ್ನು ಮಾರಿಹಾಕುವುದೇ ಒಂದು ದೌರ್ಜನ್ಯ.

18ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಜಂಟಿ ಖಾತೆ ಇರಲಿ, ಗಂಡನೊಬ್ಬನದೇ ಖಾತೆ ಇರಲಿ, ಲಾಕರ್ ಇರಲಿ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಮುಟ್ಟಬಾರದು, ಆಸ್ತಿ ಪರಭಾರೆ ಮಾಡಬಾರದು ಎಂದು ಆದೇಶ ಕೊಡಬಹುದು. ಸಂಸಾರದ ಮನೆ ಮಾರದಂತೆ, ಅಡ ಇಡದಂತೆ ತಡೆಯಲು 19ನೇ ಕಲಂ ಇದೆ. ತುರ್ತು ಇದ್ದರೆ ಎದುರಿನವರು ಬರುವ ಮೊದಲೇ ಮಧ್ಯಂತರ ಆದೇಶ ಕೊಡಲು 23ನೇ ಕಲಂ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಈ ಕಾಯ್ದೆಗಿಲ್ಲ. ವಿಜಯಪುರದ ಮುಸ್ಲಿಂ ಹೆಣ್ಣುಮಗಳಿಗೂ ಇದೇ ಬಾಗಿಲು ತೆರೆದಿದೆ. ಅರ್ಜಿ ಬರೆಸಲು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಇರುತ್ತಾರೆ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಈ ನೆರವು ಕೊಡಲು ಆದಾಯ ಎಷ್ಟು ಅಂತ ಕೇಳುವಂತಿಲ್ಲ.

ಎರಡನೆಯದು ಕೌಟುಂಬಿಕ ನ್ಯಾಯಾಲಯ. ಗಂಡ ಹೆಂಡತಿ ನಡುವಿನ ಆಸ್ತಿ ವ್ಯಾಜ್ಯ, ಅದಕ್ಕೆ ಸಂಬಂಧಿಸಿದ ತಡೆಯಾಜ್ಞೆ ಎರಡನ್ನೂ ವಿಚಾರಿಸುವ ಅಧಿಕಾರವನ್ನು 1984ರ ಕಾಯ್ದೆಯ 7ನೇ ಕಲಂ ಕೊಟ್ಟಿದೆ. ವಿಚ್ಛೇದನದ ಕೇಸು ಅಲ್ಲೇ ಇದ್ದರೆ 2005ರ ಕಾಯ್ದೆಯ ಪರಿಹಾರಗಳನ್ನೂ ಅಲ್ಲಿಯೇ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ಕೇಳಿದರೆ ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ಹಕ್ಕು ಕಾಣುತ್ತದೆಯೇ? ತಡೆ ಕೊಟ್ಟರೆ, ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ? ಆಮೇಲೆ ಹಣ ಕೊಟ್ಟು ತುಂಬಿಸಲಾಗದ ನಷ್ಟ ಆಗುತ್ತದೆಯೇ?

ಎಷ್ಟೋ ಅರ್ಜಿ ಬೀಳುವುದು ಮೊದಲ ಪ್ರಶ್ನೆಯಲ್ಲೇ. 'ನಾನು ಹೆಂಡತಿ, ಆದ್ದರಿಂದ ಹೊಲದಲ್ಲಿ ಅರ್ಧ ನನ್ನದು' ಎಂದು ಬರೆಸಿದರೆ ಆ ಹಕ್ಕು ಕಾನೂನಿನಲ್ಲಿ ಇಲ್ಲ. ತಡೆಯೂ ಸಿಗುವುದಿಲ್ಲ. 'ನನಗೂ ಮಕ್ಕಳಿಗೂ ಪೋಟಗಿ ಬರಬೇಕು, ಅದಕ್ಕೆ ಈ ಸರ್ವೆ ನಂಬರಿನ ಹೊಲದ ಮೇಲೆ ಹೊಣೆ ಕೂರಿಸಬೇಕು, ಅದನ್ನೇ ಈಗ ಮಾರಲು ಹೊರಟಿದ್ದಾರೆ' ಎಂದು ಬರೆಸಿದರೆ ಮಾತಿಗೆ ಬುಡ ಸಿಗುತ್ತದೆ. ಅದೇ ಹೊಲ, ಅದೇ ಹೆಣ್ಣುಮಗಳು. ಕೇಳಿದ ರೀತಿ ಬೇರೆ, ಫಲವೂ ಬೇರೆ. ವಾಟ್ಸಾಪಿನ ಅರ್ಧ ಆಸ್ತಿಯ ಮಾತು ಮಾಡುತ್ತಿರುವ ನಿಜವಾದ ಹಾನಿ ಇದು. ಇರುವ ಹಕ್ಕನ್ನು ಬಿಟ್ಟು ಇಲ್ಲದ ಹಕ್ಕನ್ನು ಕೇಳುವಂತೆ ಮಾಡುತ್ತದೆ.

ಮೂರನೆಯ ಬಾಗಿಲು ಮಕ್ಕಳದು. ಹಿರಿಯರಿಂದ ಬಂದ ಅವಿಭಕ್ತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಪಾಲು. ಕರ್ನಾಟಕ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು 1994ರಲ್ಲೇ ಕೊಟ್ಟಿತ್ತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಇದು ಹುಟ್ಟಿನಿಂದಲೇ ಬರುವ ಹಕ್ಕು, ಅಪ್ಪ ಆಗ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ತಾಯಿ ಚಿಕ್ಕ ಮಕ್ಕಳ ಪರವಾಗಿ ವಾಟ್ನಿ ದಾವೆ ಹಾಕಬಹುದು. ಅದರಲ್ಲೇ ಮಾರಾಟಕ್ಕೆ ತಡೆ ಕೇಳಬಹುದು. ಒಂದು ಎಚ್ಚರ ಬೇಕು. ಮನೆಯ ಯಜಮಾನ ಹೊಲ ಮಾರದಂತೆ ತಡೆಯಿರಿ ಎಂದು ಸುಮ್ನೆ ತಡೆಯನ್ನಷ್ಟೇ ಕೇಳುವ ದಾವೆ ನಿಲ್ಲುವುದಿಲ್ಲ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕುಟುಂಬದ ಅಗತ್ಯಕ್ಕೆ ಮಾರುವ ಅಧಿಕಾರ ಯಜಮಾನನಿಗಿದೆ. ಆದ್ದರಿಂದ ಪಾಲು ಬೇರೆ ಮಾಡಿಕೊಡಿ ಎಂದೇ ಕೇಳಬೇಕು.

ಇಬ್ಬರೂ ಒಪ್ಪಿ ಬೇರೆಯಾಗುವ ಕೇಸಿನಲ್ಲಿ ಇದೆಲ್ಲ ಬೇಕಿಲ್ಲ ಅನ್ನಿಸಬಹುದು. ಅಲ್ಲಿಯೂ ಮೊದಲ ಅರ್ಜಿಗೂ ಕೊನೆಯ ಒಪ್ಪಿಗೆಗೂ ನಡುವೆ ಸಾಮಾನ್ಯವಾಗಿ 6 ತಿಂಗಳು ಇರುತ್ತದೆ. ಮನೆ ಆಕೆಗೆ ಎಂದು ಬಾಯಿಮಾತಿನಲ್ಲಿ ಆಗಿರುತ್ತದೆ. ಆ 6 ತಿಂಗಳಲ್ಲಿ ಮನೆ ಅಡ ಬಿದ್ದರೆ? ಮಾರುವುದಿಲ್ಲ, ಅಡ ಇಡುವುದಿಲ್ಲ ಎಂಬ ಮುಚ್ಚಳಿಕೆಯನ್ನು ಮೊದಲ ದಿನವೇ ಕೋರ್ಟಿನ ದಾಖಲೆಗೆ ಸೇರಿಸುವುದು ಒಳ್ಳೆಯದು.

ಯಾರ ಬಳಿ ಏನಿದೆ ಅಂತ ಗೊತ್ತಾಗುವುದು ಹೇಗೆ

2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಕೆಲಸ ಮಾಡಿತು. ಪೋಟಗಿ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಊರು, ಹೊಲ ಇರುವವರಿಗೆ ಪ್ರತ್ಯೇಕ ನಮೂನೆಯೇ ಇದೆ. ಎಷ್ಟು ಜಮೀನು, ನೀರಾವರಿಯೋ ಒಣಭೂಮಿಯೋ, ಏನು ಬೆಳೆ, ಎಷ್ಟು ದನಕರು, ಎಷ್ಟು ಸಾಲ ಎಲ್ಲವನ್ನೂ ಬರೆಯಬೇಕು. ಸುಳ್ಳು ಬರೆದರೆ ಸುಳ್ಳುಸಾಕ್ಷ್ಯದ ಕ್ರಮ. 'ನನ್ನ ಹೆಸರಿನಲ್ಲಿ ಏನೂ ಇಲ್ಲ ಸಾಹೇಬ್ರೆ' ಎಂದು ಕೈಮುಗಿದು ನಿಂತರೆ ಆಗುತ್ತಿದ್ದ ಕಾಲ ಇದರಿಂದ ಮುಗಿಯಬೇಕಿತ್ತು. ಎದುರಿನ ವಕೀಲರು ಈ ಪತ್ರವನ್ನು ಒತ್ತಾಯಿಸಿ ಕೇಳಿದ ಕಡೆ ಮುಗಿದಿದೆ.

ಉತಾರದ ಮೇಲೆ ಬೀಳದ ಆದೇಶ

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಆದೇಶ ಸಿಕ್ಕಿದ ದಿನ ಹೆಣ್ಣುಮಗಳು ಗೆದ್ದೆ ಅಂದುಕೊಂಡು ಊರಿಗೆ ಹೋಗುತ್ತಾಳೆ. ಆದೇಶ ಕೋರ್ಟಿನ ಕಡತದಲ್ಲಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರಿಗೆ ಅದು ಗೊತ್ತಿರುವುದಿಲ್ಲ. ಮಾರುವವನು ಆಧಾರ್ ಕೊಡುತ್ತಾನೆ, ಹೆಬ್ಬೆಟ್ಟು ಒತ್ತುತ್ತಾನೆ, ಫೋಟೋ ತೆಗೆಯುತ್ತಾರೆ, ಖರೀದಿಪತ್ರ ಆಗಿಹೋಗುತ್ತದೆ. ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶದಲ್ಲಿ ನೋಂದಣಿಯಾದದ್ದು ಕಂಪ್ಯೂಟರಿನಲ್ಲೇ ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶಕ್ಕೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ಉತಾರದಲ್ಲಿ ಹೊಸ ಹೆಸರು ಬರುತ್ತದೆ.

ಉತಾರವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. 9ನೇ ಕಾಲಂನಲ್ಲಿ ಹೊಲದವರ ಹೆಸರು. ಅದರ ಬಲಕ್ಕೆ 11ನೇ ಕಾಲಂ, ಇತರೆ ಹಕ್ಕುಗಳು ಮತ್ತು ಋಣಗಳು. ಸೊಸೈಟಿ ಸಾಲ, ಬ್ಯಾಂಕಿನ ಅಡಮಾನ ಎಲ್ಲ ಬೀಳುವುದು ಅಲ್ಲಿ. ಕೋರ್ಟಿನ ತಡೆಯಾಜ್ಞೆಯೂ ಬೀಳಬೇಕಾದ ಜಾಗ ಅದೇ. ಆದೇಶದ ದೃಢೀಕೃತ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಅಲ್ಲಿ ಬರೆಸಬೇಕು. ಇನ್ನೊಂದು ನಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ, ಪ್ಲಾಟಿದ್ದರೆ ಪುರಸಭೆಗೆ, ಲಾಕರ್ ಇದ್ದರೆ ಬ್ಯಾಂಕಿಗೆ. ಪ್ರತಿಯೊಂದು ಕಡೆಯೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಆದೇಶದಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಖಾತೆ ನಂಬರು ಸರಿಯಾಗಿ ಇರಬೇಕು. ಅರ್ಜಿಯಲ್ಲಿ ಬರೆಸದೇ ಹೋದದ್ದು ಆದೇಶದಲ್ಲೂ ಬರುವುದಿಲ್ಲ. ಬರೀ 'ಎಲ್ಲ ಆಸ್ತಿ' ಎಂದಿದ್ದರೆ ಯಾವ ಗುಮಾಸ್ತರೂ ಏನನ್ನೂ ನಮೂದಿಸಲು ಆಗುವುದಿಲ್ಲ.

ಗಂಡ ಹೀಗೆ ಮಾರಿದ ಆಸ್ತಿಯನ್ನು ಕೊಂಡವರಿಗೂ ಇದು ಒಳ್ಳೆಯದಲ್ಲ. ಒಂದು ಸ್ಥಿರಾಸ್ತಿಯ ಹಕ್ಕೇ ಕೋರ್ಟಿನಲ್ಲಿ ನೇರವಾಗಿ ಪ್ರಶ್ನೆಯಾಗಿದ್ದಾಗ ಅದನ್ನು ಕೊಂಡರೆ, ಖರೀದಿ ರದ್ದಾಗುವುದಿಲ್ಲ, ಆದರೆ ತೀರ್ಪಿಗೆ ತಲೆಬಾಗಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುವುದು ಇದನ್ನೇ. ದುಡ್ಡು ಕೊಟ್ಟವರು ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಬೆಳಗಾವಿ, ಬಾಗಲಕೋಟೆಯವರ ಮೇಲ್ಮನವಿ ಧಾರವಾಡ ಪೀಠಕ್ಕೆ, ವಿಜಯಪುರದವರದ್ದು ಕಲಬುರಗಿ ಪೀಠಕ್ಕೆ. 11ನೇ ಕಾಲಂನಲ್ಲಿ ಒಂದು ಸಾಲು ಬಿದ್ದಿದ್ದರೆ ಅವರೂ ಈ ವ್ಯವಹಾರದಿಂದ ದೂರ ಇರುತ್ತಿದ್ದರು.

ಮನೆಯ ಸಾಲದ್ದು ಬೇರೆ ತೊಡಕು. ಗಂಡ ಮಾರುವುದಿಲ್ಲ, ಆದರೆ ಕಂತು ಕಟ್ಟುವುದನ್ನು ನಿಲ್ಲಿಸುತ್ತಾನೆ. ಗಂಡನ ಮೇಲಿನ ತಡೆಯಾಜ್ಞೆ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆ ಹರಾಜು ಹಾಕಬಹುದು. ಆದ್ದರಿಂದ 'ಮಾರಬಾರದು' ಎಂಬುದರ ಜೊತೆಗೆ 'ಕಂತು ಕಟ್ಟಬೇಕು' ಎಂಬ ಸಾಲನ್ನೂ ಕೇಳಬೇಕು.

ಗಂಡನ ಕಡೆಯವರು ಹೇಳುವುದು

ಅವರ ಮಾತಿನಲ್ಲೂ ಹುರುಳಿದೆ. ಎದುರಿನವರನ್ನು ಕೇಳದೆ ತಡೆ ಕೊಟ್ಟರೆ, ಅದು ತಿಂಗಳುಗಟ್ಟಲೆ ಹಾಗೇ ಮುಂದುವರಿಯುತ್ತದೆ. ಇಂಥ ತಡೆಯ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ಯತ್ನಿಸಬೇಕು ಎಂಬ ನಿಯಮ ಇದ್ದರೂ ದಿನಾಂಕದ ಮೇಲೆ ದಿನಾಂಕ ಬೀಳುತ್ತದೆ.

ರೈತನಿಗೆ ಇದರ ಪೆಟ್ಟು ಬೀಳುವುದು ಬೆಳೆಸಾಲದಲ್ಲಿ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದಿಂದ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಇದೆ. ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಕಟ್ಟಿ ಮತ್ತೆ ಎತ್ತುವಾಗ ಹೊಲವನ್ನು ಮತ್ತೆ ಅಡ ಬರೆಯಬೇಕಾಗಿ ಬಂದರೆ, 'ಋಣಭಾರ ಹೇರಬಾರದು' ಎಂಬ ಆದೇಶ ಅಡ್ಡ ನಿಲ್ಲುತ್ತದೆ. ಸಾಲ ಸಿಗದೆ ಬೆಳೆ ಹಿಡಿಯದಿದ್ದರೆ ಪೋಟಗಿ ಎಲ್ಲಿಂದ ಬರಬೇಕು? ಹೆಂಡತಿಯ ಕಡೆಯ ವಕೀಲರು ಕೂಡ ಇದನ್ನು ಯೋಚಿಸಬೇಕು. ಬೆಳೆಸಾಲ ನವೀಕರಣ, ಮಕ್ಕಳ ಫೀಸು, ದವಾಖಾನೆ ಖರ್ಚಿಗೆ ವಿನಾಯಿತಿ ಇರುವ ಆದೇಶ ಹೆಚ್ಚು ದಿನ ಬಾಳುತ್ತದೆ.

ಗಂಡನಿಗೂ ದಾರಿಗಳಿವೆ. ತಡೆ ಬರಬಹುದು ಅಂತ ಅನುಮಾನ ಇದ್ದರೆ ಮೊದಲೇ ಕೇವಿಯಟ್ ಹಾಕಬಹುದು. ಅದು 90 ದಿನ ಇರುತ್ತದೆ, ಸಿವಿಲ್ ಅರ್ಜಿಯಲ್ಲಿ ಅವನನ್ನು ಕೇಳದೆ ಆದೇಶ ಆಗುವುದಿಲ್ಲ. ತಾನು ದುಡಿದ ಹಣದಲ್ಲಿ ಹೆಂಡತಿಯ ಹೆಸರಿಗೆ ಪ್ಲಾಟು ಕೊಂಡಿದ್ದು ಅದನ್ನು ಆಕೆ ಮಾರಲು ಹೊರಟರೆ ಅವನೂ ಕೌಟುಂಬಿಕ ನ್ಯಾಯಾಲಯದಲ್ಲಿ ತಡೆ ಕೇಳಬಹುದು. ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಿನಲ್ಲಿ ಕೊಂಡದ್ದನ್ನು ಕಾನೂನು ಬೇನಾಮಿ ಎನ್ನುವುದಿಲ್ಲ. ಹಣ ತನ್ನದು, ಉಡುಗೊರೆಯಾಗಿ ಕೊಟ್ಟದ್ದಲ್ಲ ಎಂಬುದನ್ನು ಮಾತ್ರ ಅವನು ತೋರಿಸಬೇಕು. 2005ರ ಕಾಯ್ದೆ ಹೆಂಗಸರಿಗೆ ಮಾತ್ರ. ಉಳಿದ ದಾರಿಗಳು ಇಬ್ಬರಿಗೂ ಇವೆ.

ಸಂಸತ್ತಿನ ಬಾಗಿಲವರೆಗೆ ಹೋಗಿ ಬಂದ ಮಸೂದೆ

ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯೊಂದು 2010ರಲ್ಲಿ ಬಂದಿತ್ತು, ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೂ ಪಾಲು ಕೊಡಿಸುವ ಅಂಶ ಅದಕ್ಕೆ ಆಮೇಲೆ ಸೇರಿತು. 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಪಾಸಾಗದೆ 2014ರಲ್ಲಿ ಬಿದ್ದುಹೋಯಿತು. ಅಲ್ಲಿಂದ ಈಚೆಗೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ದಾರಿ.

ಪಾಲಿನ ವಿಷಯದಲ್ಲಿ ಒಮ್ಮತ ಬರಲು ಇನ್ನೂ ಕಾಲ ಬೇಕಾಗಬಹುದು. ಆದರೆ ತಡೆಯ ವಿಷಯಕ್ಕೆ ಅಷ್ಟು ಕಾಯಬೇಕಿಲ್ಲ. ವಿಚ್ಛೇದನದ ಸಮನ್ಸ್ ಜೊತೆಗೇ ಇಬ್ಬರ ಮೇಲೂ ತಾತ್ಕಾಲಿಕ ತಡೆ ಬರಲಿ, ಬೆಳೆಸಾಲಕ್ಕೆ ವಿನಾಯಿತಿ ಇರಲಿ, ಕೋರ್ಟಿನ ಆದೇಶ ಕಂಪ್ಯೂಟರಿನಲ್ಲೇ ಕಾವೇರಿಗೂ ಭೂಮಿಗೂ ಹೋಗಲಿ. ಖರೀದಿಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಾನಾಗಿ ಹೋಗುತ್ತದೆ ಅಂದಮೇಲೆ ನ್ಯಾಯಾಧೀಶರ ಆದೇಶವನ್ನು ಹೆಣ್ಣುಮಗಳೊಬ್ಬಳು ಚೀಲದಲ್ಲಿಟ್ಟುಕೊಂಡು ನಾಲ್ಕು ಕಚೇರಿ ಯಾಕೆ ಸುತ್ತಬೇಕು?

ಕಬ್ಬಿನ ಬಿಲ್ಲು, ಮುಳುಗಡೆಯ ದುಡ್ಡು

ಹೊಲಕ್ಕೆ ಉತಾರ ಇದೆ, ದುಡ್ಡಿಗೆ ಇಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ದುಡ್ಡು ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ.

ಒಂದು ಕಬ್ಬು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಣ ಗಂಡನ ಖಾತೆಗೆ ಬರುತ್ತದೆ, ಅದೇ ದಿನ ಖಾಲಿ ಆಗಬಹುದು. ಪೋಟಗಿ ಬಾಕಿ ಹಾಗೇ ಉಳಿಯುತ್ತದೆ. 2005ರ ಕಾಯ್ದೆಯ 20ನೇ ಕಲಂನಲ್ಲಿ ಇದಕ್ಕೊಂದು ಉಪಾಯವಿದೆ. ಆದೇಶವಾದ ಹಣವನ್ನು ಗಂಡ ಕೊಡದಿದ್ದರೆ, ಅವನಿಗೆ ಸಂಬಳ ಕೊಡುವವರು ಅಥವಾ ಹಣ ಕೊಡಬೇಕಿರುವವರು ಅದರಲ್ಲಿ ಒಂದು ಭಾಗವನ್ನು ನೇರ ಹೆಂಡತಿಗೆ ಕೊಡಬೇಕು, ಇಲ್ಲವೇ ಕೋರ್ಟಿಗೆ ಕಟ್ಟಬೇಕು ಎಂದು ಮ್ಯಾಜಿಸ್ಟ್ರೇಟರು ಹೇಳಬಹುದು. ಕಬ್ಬಿನ ಬಿಲ್ಲು ಬಾಕಿ ಇರುವ ಕಾರ್ಖಾನೆ ಅವನಿಗೆ ಹಣ ಕೊಡಬೇಕಿರುವ ಸಾಲಗಾರನೇ. ಹೀಗೆ ಕೇಳುವ ಅರ್ಜಿ ಕಾರ್ಖಾನೆಯ ಗಾಣ ಶುರುವಾಗುವ ಮೊದಲೇ ತಯಾರಿದ್ದರೆ ಆ ಹಂಗಾಮಿನ ಬಿಲ್ಲಿಗೆ ಸಿಗುತ್ತದೆ.

ಇನ್ನೊಂದು ಮುಳುಗಡೆ ಪರಿಹಾರ. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಭೂಮಿ ಹೋಗಲಿದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. 4 ಎಕರೆ ನೀರಾವರಿ ಹೊಲ ಅಂದರೆ 1 ಕೋಟಿ 60 ಲಕ್ಷ. ಬಾಗಲಕೋಟೆ, ವಿಜಯಪುರದ ಎಷ್ಟೋ ಮನೆಗಳು ಒಮ್ಮೆಲೇ ಇಷ್ಟು ಹಣ ಕಾಣಲಿವೆ. ಅವುಗಳಲ್ಲಿ ಕೆಲವು ಮನೆಗಳ ಕೇಸು ಕೌಟುಂಬಿಕ ನ್ಯಾಯಾಲಯದಲ್ಲಿ ಇದ್ದೇ ಇರುತ್ತದೆ.

ಹೊಲ ಹಿರಿಯರದಾಗಿದ್ದರೆ ಪರಿಹಾರದಲ್ಲೂ ಮಕ್ಕಳಿಗೆ ಪಾಲಿದೆ. ಪಾಲಿನ ಬಗ್ಗೆ ತಕರಾರು ಇದ್ದರೆ ಆ ಹಣವನ್ನು ಖಾತೆದಾರನ ಕೈಗೆ ಕೊಡದೆ, ಭೂಸ್ವಾಧೀನದ ತಕರಾರು ತೀರಿಸುವ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು ಎಂದು 2013ರ ಭೂಸ್ವಾಧೀನ ಕಾಯ್ದೆ ಹೇಳುತ್ತದೆ. ಹಾಗಾಗಬೇಕಾದರೆ ತಕರಾರು ಅರ್ಜಿ ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಗೆ ಮೊದಲು ಮುಟ್ಟಬೇಕು, ಗಂಡ ಒಪ್ಪಂದದ ಐತೀರ್ಪಿಗೆ (ಪರಿಹಾರದ ಮೊತ್ತ ಒಪ್ಪಿಕೊಳ್ಳುವ ಆದೇಶಕ್ಕೆ) ಸಹಿ ಹಾಕಿ ಹಣ ಖಾತೆಗೆ ಬೀಳುವುದಕ್ಕಿಂತ ಮುಂಚೆ. ಜೊತೆಗೆ ಕೌಟುಂಬಿಕ ನ್ಯಾಯಾಲಯದಲ್ಲಿ, ಬರುವ ಪರಿಹಾರದಲ್ಲಿ ಇಂತಿಷ್ಟು ಮೊತ್ತವನ್ನು ಪೋಟಗಿಯ ಭದ್ರತೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸಿ ಎಂದು ಕೇಳಬೇಕು. ಹಣ ಇನ್ನೂ ಬಂದಿಲ್ಲವಲ್ಲ, ಬಂದಮೇಲೆ ನೋಡೋಣ ಎಂದು ಕೂತವರಿಗೆ ಆಮೇಲೆ ಉಳಿಯುವುದು ಖಾತೆಯ ಸ್ಟೇಟ್‌ಮೆಂಟ್ ಮಾತ್ರ.